ಬಾಗಿದ ಬೆರಳುಗಳ ರೇಖೆ: ಹೆಂಡ್ರಿಕ್ ಗೋಲ್ಟ್ಸಿಯಸ್‌ನ ಬದುಕು ಮತ್ತು ಕಲೆ

1

ಲೇಖನಿಯನ್ನು ಹಿಡಿಯುವುದಕ್ಕೆ ಸರಿಯಾದ ಕ್ರಮವೊಂದಿದೆ ಎಂಬ ತಿಳಿವಳಿಕೆ ಬಹು ಹಿಂದಿನಿಂದಲೂ ಪ್ರಚಲಿತವಾಗಿದೆ. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಈ ತಿಳಿವಳಿಕೆ ಶಾಸ್ತ್ರದ ರೂಪವನ್ನೇ ಪಡೆದಿತ್ತು. ಭೂಪಟಗಳ ನಿರ್ಮಾಪಕನೆಂದು ಹೆಸರಾದ ಗೆರಾರ್ಡಸ್ ಮರ್ಕೇಟರ್ 1540ರಲ್ಲಿ ಇಟಾಲಿಕ್ ಅಕ್ಷರಗಳನ್ನು ಬರೆಯುವ ಕ್ರಮವನ್ನು ಕುರಿತು ಒಂದು ಕೈಪಿಡಿಯನ್ನು ಪ್ರಕಟಿಸಿದನು. ಗರಿಯ ಲೇಖನಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಹೇಗೆ ಹಿಡಿಯಬೇಕೆಂಬುದನ್ನು ಅದರಲ್ಲಿ ಕೈಯ ಚಿತ್ರಗಳ ಮೂಲಕವೇ ತೋರಿಸಲಾಗಿತ್ತು. ಬೆರಳುಗಳು ಸಡಿಲವಾಗಿ, ಒಂದರೊಡನೊಂದು ಹೊಂದಿಕೊಂಡು ಬಾಗಬೇಕು, ಚಾಚಬೇಕು. ಅಂಥ ಕೈಯಿಂದ ಮಾತ್ರ ಅಂದವಾದ ರೇಖೆ ಹುಟ್ಟುತ್ತದೆ ಎಂಬುದು ಆ ಕಾಲದ ಗ್ರಹಿಕೆ.

ಮರ್ಕೇಟರ್ 1552ರ ನಂತರ ನೆಲೆಸಿದ್ದು ರೈನ್ ನದೀತೀರದ ಡ್ಯೂಯಿಸ್‌ಬರ್ಗ್ ಪಟ್ಟಣದಲ್ಲಿ. ಅದೇ ಪಟ್ಟಣದಲ್ಲಿ, ಅವನ ಜೀವಿತಕಾಲದಲ್ಲಿಯೇ, ಬಲಗೈಯ ಬೆರಳುಗಳನ್ನು ಪೂರ್ತಿಯಾಗಿ ಬಿಚ್ಚಲಾಗದ ಹುಡುಗನೊಬ್ಬ ಬೆಳೆಯುತ್ತಿದ್ದನು. ಕೈಪಿಡಿಯ ಕ್ರಮದಲ್ಲಿ ಲೇಖನಿಯನ್ನು ಹಿಡಿಯುವುದು ಅವನಿಗೆ ಸಾಧ್ಯವಿರಲಿಲ್ಲ. ಮುಂದೆ ಅವನೇ ತನ್ನ ಕಾಲದ ಯುರೋಪಿನ ಅತ್ಯಂತ ನಿಪುಣ ರೇಖಾಕಾರರಲ್ಲಿ ಒಬ್ಬನಾದನು. ಆತನೇ ಹೆಂಡ್ರಿಕ್ ಗೋಲ್ಟ್ಸಿಯಸ್ (1558-1617).

ಗೋಲ್ಟ್ಸಿಯಸ್‌ನ ಹೆಸರು ಬಂದಲ್ಲೆಲ್ಲ ಅವನ ಕೈಯ ಪ್ರಸ್ತಾಪವೂ ಬರುತ್ತದೆ. ಅವನ ರೇಖೆಯ ವೈಶಿಷ್ಟ್ಯಕ್ಕೆ ಆ ಕೈಯೇ ಕಾರಣವೆಂದು ಹೇಳುವುದು ಕಲಾಚರಿತ್ರೆಯಲ್ಲಿ ವಾಡಿಕೆಯಾಗಿದೆ. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಅವನ ಬದುಕಿನ ಘಟ್ಟಗಳನ್ನೂ ಕೃತಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ನಿರ್ಣಯಿಸಬಹುದು.

2

ಗೋಲ್ಟ್ಸಿಯಸ್ ಹುಟ್ಟಿದ್ದು 1558ರ ಆರಂಭದಲ್ಲಿ, ಫೆನ್ಲೋ ಪಟ್ಟಣದ ಸಮೀಪದ, ಯೂಲಿಕ್ ಸಂಸ್ಥಾನಕ್ಕೆ ಸೇರಿದ್ದ ಬ್ರಾಕ್ಟ್ ಎಂಬ ಹಳ್ಳಿಯಲ್ಲಿ. ಅದು ಇಂದಿನ ಜರ್ಮನಿಯಲ್ಲಿ, ಡಚ್ ಗಡಿಗೆ ಹತ್ತಿರದಲ್ಲಿದೆ. ಅವನದು ಚಿತ್ರಕಾರರ ಮನೆತನ. ಅಜ್ಜ ಚಿತ್ರಕಾರನಾಗಿದ್ದನು. ತಂದೆ ಯಾನ್ ಗೋಲ್ಟ್ಸ್ ಕಿಟಕಿಗಳ ಗಾಜಿನ ಮೇಲೆ ಬಣ್ಣದ ಚಿತ್ರಗಳನ್ನು ರಚಿಸುವ ವೃತ್ತಿಯವನು.

ಬಾಲಕನ ಕೈಗೆ ಆದ ಅಪಘಾತದ ವಿವರ ದೊರೆಯುವುದು ಕಾರೆಲ್ ಫಾನ್ ಮಾಂಡರ್‌ನ ಚಿತ್ರಕಾರರ ಚರಿತ್ರೆಯಲ್ಲಿ. 1604ರಲ್ಲಿ ಹಾರ್ಲೆಮ್‌ನಲ್ಲಿ ಪ್ರಕಟವಾದ ಈ ಗ್ರಂಥ ಉತ್ತರ ಯುರೋಪಿನ ಕಲಾವಿದರ ಬದುಕನ್ನು ಕುರಿತ ಮೊದಲ ವಿಸ್ತೃತ ಸಂಕಲನ. ಫಾನ್ ಮಾಂಡರ್ ಗೋಲ್ಟ್ಸಿಯಸ್‌ನ ಆಪ್ತಮಿತ್ರನೂ ಆಗಿದ್ದುದರಿಂದ ಈ ಸಂಗತಿಗಳನ್ನು ಗೋಲ್ಟ್ಸಿಯಸ್‌ನಿಂದಲೇ ಕೇಳಿ ತಿಳಿದಿರುವ ಸಂಭವ ಹೆಚ್ಚು. ಅವನು ಹೇಳುವಂತೆ, ಆಗತಾನೆ ನಡೆಯಲು ಕಲಿಯುತ್ತಿದ್ದ ಮಗು ಒಲೆಯ ಬೆಂಕಿಗೆ ಬಿದ್ದಿತು. ಉರಿಯುವ ಕೆಂಡಗಳ ಮೇಲೆ ಎರಡೂ ಕೈಗಳು ಸುಟ್ಟವು. ತಾಯಿ ಹಗಲಿರುಳು ಆರೈಕೆ ಮಾಡಿ, ಬೆರಳುಗಳು ನೇರವಾಗಿ ನಿಲ್ಲುವಂತೆ ದಬ್ಬೆ ಕಟ್ಟಿ ಗುಣಪಡಿಸಲು ಯತ್ನಿಸಿದಳು. ಅಷ್ಟರಲ್ಲಿ ನೆರೆಮನೆಯ ಹೆಂಗಸೊಬ್ಬಳು ತನಗೆ ಇದಕ್ಕಿಂತ ಒಳ್ಳೆಯ ಉಪಾಯ ಗೊತ್ತಿದೆಯೆಂದು ಹೇಳಿ ದಬ್ಬೆಗಳನ್ನು ಬಿಚ್ಚಿಸಿದಳು, ಬಲಗೈಯನ್ನು ಬಟ್ಟೆಯಲ್ಲಿ ಸುತ್ತಿಬಿಟ್ಟಳು. ಗಾಯ ಮಾಯುವಾಗ ಸ್ನಾಯುರಜ್ಜುಗಳು ಒಂದಕ್ಕೊಂದು ಅಂಟಿಕೊಂಡವು. ಅಂದಿನಿಂದ ಬದುಕಿನ ಕೊನೆಯವರೆಗೂ ಆ ಕೈಯನ್ನು ಪೂರ್ತಿಯಾಗಿ ಬಿಚ್ಚಲು ಅವನಿಗೆ ಸಾಧ್ಯವಾಗಲಿಲ್ಲ.

ಸುಟ್ಟಗಾಯ ಮಾಯುವಾಗ ಚರ್ಮ ಮತ್ತು ಅದರಡಿಯ ಅಂಗಾಂಶ ಸೆಳೆದುಕೊಂಡು ಬೆರಳುಗಳು ಅಂಗೈಯ ಕಡೆಗೆ ಬಾಗಿ ನಿಲ್ಲುವುದು ಇಂದಿನ ವೈದ್ಯಶಾಸ್ತ್ರಕ್ಕೂ ಪರಿಚಿತವಾದ ಸಂಗತಿ. ಸುಟ್ಟ ಕೈಯನ್ನು ಚಾಚಿದ ಸ್ಥಿತಿಯಲ್ಲಿ ಕಟ್ಟಿಡುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ತಾಯಿ ಅನುಸರಿಸಿದ ದಾರಿಯೇ ಸರಿಯಾಗಿತ್ತು. ಆದುದರಿಂದ ಈ ಕಥನವನ್ನು ಚರಿತ್ರಕಾರನ ಕಲ್ಪನೆಯೆಂದು ತಳ್ಳಿಹಾಕಲು ಕಾರಣವಿಲ್ಲ.

ಮುಂದೆ ಕುಟುಂಬ ಡ್ಯೂಯಿಸ್‌ಬರ್ಗ್‌ಗೆ ಬಂದು ನೆಲೆಸಿತು. ಹುಡುಗ ತಂದೆಯ ಕೈಕೆಳಗೆ ಗಾಜಿನ ಚಿತ್ರಗಾರಿಕೆಯನ್ನು ಕಲಿತನು. ಗಾಜಿನ ಚಿತ್ರಗಾರಿಕೆಯಲ್ಲಿ ರೇಖೆಗೆ ಪ್ರಾಧಾನ್ಯವಿದೆ. ಆಕೃತಿಯ ಅಂಚನ್ನು ಗಟ್ಟಿಯಾದ ಒಂದೇ ಎಳೆತದಲ್ಲಿ ಮೂಡಿಸಬೇಕಾಗುತ್ತದೆ, ತಿದ್ದುವ ಅವಕಾಶ ಕಡಿಮೆ. ರೇಖೆಯನ್ನು ಆಕೃತಿಯ ಆಧಾರವೆಂದು ಭಾವಿಸುವ ಅವನ ದೃಷ್ಟಿಯ ಬೇರು ಈ ಮೊದಲ ಶಿಕ್ಷಣದಲ್ಲಿಯೇ ಇದೆ.

3

ಗೋಲ್ಟ್ಸಿಯಸ್‌ನ ಬದುಕಿನ ದಿಕ್ಕು ಬದಲಾದದ್ದು 1570ರ ದಶಕದ ನಡುಭಾಗದಲ್ಲಿ, ಡಿರ್ಕ್ ಕೂರ್ನ್‌ಹರ್ಟ್‌ನ ಶಿಷ್ಯತ್ವದಿಂದ. ಕೂರ್ನ್‌ಹರ್ಟ್ (1522-1590) ತಾಮ್ರದ ಫಲಕದ ಕೆತ್ತನೆಗಾರ ಮಾತ್ರವಾಗಿರಲಿಲ್ಲ. ಅವನು ಡಚ್ ಭಾಷೆಯ ಮುಖ್ಯ ಗದ್ಯಲೇಖಕರಲ್ಲಿ ಒಬ್ಬ. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು, ಭಿನ್ನಮತದವರನ್ನು ಕೊಲ್ಲಬಾರದು ಎಂದು ವಾದಿಸಿದ ಚಿಂತಕ. ಸ್ಪೇನಿನ ಆಳ್ವಿಕೆಯ ವಿರುದ್ಧದ ಹೋರಾಟದ ಕಾರಣದಿಂದ ದೇಶಭ್ರಷ್ಟನಾಗಿ ಅವನು ಆಗ ಕ್ಸಾಂಟೆನ್ ಪಟ್ಟಣದಲ್ಲಿ ಬದುಕುತ್ತಿದ್ದನು. ಬಾಗಿದ ಕೈಯ ಹುಡುಗನಿಗೆ ಉಳಿಯನ್ನು ಕೊಟ್ಟು ಕೆತ್ತನೆಯನ್ನು ಕಲಿಸಿದವನು ಈತನೇ.

1576ರ ಘೆಂಟ್ ಒಪ್ಪಂದದ ನಂತರ ದೇಶಭ್ರಷ್ಟರು ಮರಳುವುದು ಸಾಧ್ಯವಾಯಿತು. ಗುರುವಿನ ಹಿಂದೆಯೇ ಗೋಲ್ಟ್ಸಿಯಸ್ 1577ರಲ್ಲಿ ಹಾರ್ಲೆಮ್‌ಗೆ ಬಂದನು. ಆ ನಗರ 1572-73ರಲ್ಲಿ ಸ್ಪೇನ್ ಸೈನ್ಯದ ಮುತ್ತಿಗೆಗೆ ಸಿಕ್ಕಿ ನಲುಗಿತ್ತು. 1576ರ ಬೆಂಕಿಯಲ್ಲಿ ಅದರ ದೊಡ್ಡ ಭಾಗ ಸುಟ್ಟುಹೋಗಿತ್ತು. ಬೆಂಕಿಯಲ್ಲಿ ಬೆಂದು ಮತ್ತೆ ಎದ್ದುನಿಲ್ಲುತ್ತಿದ್ದ ಆ ನಗರವೇ ಬೆಂದ ಕೈಯ ಈ ತರುಣನ ಕರ್ಮಭೂಮಿಯಾಯಿತು. ಮುಂದಿನ ನಲವತ್ತು ವರ್ಷ ಅವನು ಇಲ್ಲಿಯೇ ಬಾಳಿದನು.

1579ರಲ್ಲಿ ಅವನು ತನಗಿಂತ ಹಿರಿಯಳಾದ ಮಾರ್ಗರೇತ ಎಂಬ ವಿಧವೆಯನ್ನು ಮದುವೆಯಾದನು. ಆಕೆಯ ಮೊದಲ ಮದುವೆಯ ಮಗನಾದ ಯಾಕೊಬ್ ಮಾಥಮ್‌ನನ್ನು ಬೆಳೆಸಿ, ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದನು. ಆರಂಭದ ವರ್ಷಗಳಲ್ಲಿ ಆಂಟ್‌ವರ್ಪ್‌ನ ಪ್ರಕಾಶಕ ಫಿಲಿಪ್ಸ್ ಗಾಲ್ಲೆಗಾಗಿ ಫಲಕಗಳನ್ನು ಕೆತ್ತಿಕೊಡುತ್ತಿದ್ದನು. 1582ರಲ್ಲಿ ಹಾರ್ಲೆಮ್‌ನಲ್ಲಿ ತನ್ನದೇ ಮುದ್ರಣಚಿತ್ರಗಳ ಪ್ರಕಾಶನವನ್ನು ಸ್ಥಾಪಿಸಿದನು. ಚಿತ್ರವನ್ನು ರಚಿಸುವವನು, ಕೆತ್ತುವವನು, ಮುದ್ರಿಸಿ ಮಾರುವವನು ಬೇರೆ ಬೇರೆಯಾಗಿದ್ದ ಕಾಲದಲ್ಲಿ ಈ ಮೂರನ್ನೂ ಒಂದೇ ಸೂರಿನಡಿ ತಂದದ್ದು ಗಮನಾರ್ಹ. ಯಾಕೊಬ್ ಮಾಥಮ್, ಯಾಕ್ ಡೆ ಘೇನ್, ಯಾನ್ ಸೇನ್ರೆಡಮ್ ಮೊದಲಾದವರು ಈ ಕಾರ್ಯಾಗಾರದಲ್ಲಿ ತಯಾರಾದರು.

1583ರಲ್ಲಿ ಫಾನ್ ಮಾಂಡರ್ ಹಾರ್ಲೆಮ್‌ಗೆ ಬಂದನು. ಚಿತ್ರಕಾರ ಕೊರ್ನೆಲಿಸ್, ಗೋಲ್ಟ್ಸಿಯಸ್ ಮತ್ತು ಫಾನ್ ಮಾಂಡರ್ ಈ ಮೂವರೂ ಕೂಡಿ ಕಲಾಭ್ಯಾಸದ ಒಂದು ಬಳಗವನ್ನು ಕಟ್ಟಿಕೊಂಡರು. ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೆಯ ರುಡೋಲ್ಫ್‌ನ ಆಸ್ಥಾನದಲ್ಲಿದ್ದ ಬಾರ್ಥೊಲೊಮಿಯಸ್ ಸ್ಪ್ರಾಂಗರ್‌ನ ರೇಖಾಚಿತ್ರಗಳನ್ನು ಗೋಲ್ಟ್ಸಿಯಸ್‌ಗೆ ಪರಿಚಯಿಸಿದವನು ಫಾನ್ ಮಾಂಡರ್. ತಿರುಚಿ ನಿಂತ ನೀಳವಾದ ಮೈಗಳು, ಉಬ್ಬಿದ ಸ್ನಾಯುಗಳು, ಸಹಜತೆಗಿಂತ ಲಾಲಿತ್ಯಕ್ಕೆ ಒತ್ತು ಕೊಡುವ ಈ ಶೈಲಿಯನ್ನು ಕಲಾಚರಿತ್ರೆ ಮ್ಯಾನರಿಸಂ ಎಂದು ಕರೆಯುತ್ತದೆ. ಮುಂದಿನ ಐದಾರು ವರ್ಷ ಗೋಲ್ಟ್ಸಿಯಸ್‌ನ ಕೈಯಲ್ಲಿ ಈ ಶೈಲಿ ತಾಮ್ರದ ಮೇಲೆ ತನ್ನ ಪರಮಾವಧಿಯನ್ನು ಕಂಡಿತು.

4

ಅವನ ಕೈಗೂ ಕಲೆಗೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಕೆತ್ತನೆಯ ವಿಧಾನವನ್ನು ತಿಳಿಯುವುದು ಅವಶ್ಯಕ. ನುಣುಪಾಗಿ ಉಜ್ಜಿದ ತಾಮ್ರದ ಫಲಕದ ಮೇಲೆ ಬ್ಯೂರಿನ್ ಎಂಬ ಉಕ್ಕಿನ ಉಳಿಯಿಂದ ಗೆರೆಗಳನ್ನು ಕೊರೆಯಲಾಗುತ್ತದೆ. ಕೊರೆದ ಗೆರೆಗಳಲ್ಲಿ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಯಂತ್ರದಲ್ಲಿ ಒತ್ತಿದಾಗ ಗೆರೆಯೊಳಗಿನ ಮಸಿ ಕಾಗದಕ್ಕೆ ಇಳಿಯುತ್ತದೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಮಸಿಯನ್ನು ಸವರಿ ಒರೆಸಿ ಅಕ್ಷರವನ್ನು ಕಾಣಿಸುವ ಕ್ರಮವನ್ನು ಬಲ್ಲವರಿಗೆ ಈ ತತ್ತ್ವ ಅಪರಿಚಿತವಲ್ಲ.

ಲೇಖನಿಗೂ ಉಳಿಗೂ ಹಿಡಿತದಲ್ಲಿ ಮೂಲಭೂತವಾದ ವ್ಯತ್ಯಾಸವಿದೆ. ಗರಿಯ ಲೇಖನಿಯನ್ನು ಮೂರು ಬೆರಳುಗಳ ತುದಿಯಲ್ಲಿ ಹಿಡಿದು ಹೆಚ್ಚಾಗಿ ತನ್ನ ಕಡೆಗೆ ಎಳೆಯಬೇಕು. ಉಳಿಯ ಅಣಬೆಯಾಕಾರದ ಮರದ ಹಿಡಿ ಅಂಗೈಯ ಗುಳಿಯಲ್ಲಿ ಕೂರುತ್ತದೆ. ಕಿರುಬೆರಳು, ಉಂಗುರಬೆರಳುಗಳು ಅದನ್ನು ಬಳಸಿ ಬಾಗುತ್ತವೆ. ಹೆಬ್ಬೆರಳು ಮತ್ತು ತೋರುಬೆರಳು ಉಕ್ಕಿನ ಸಲಾಕೆಯ ಪಕ್ಕದಲ್ಲಿ ನಿಂತು ದಾರಿ ತೋರುತ್ತವೆ. ಉಳಿಯನ್ನು ಎಳೆಯುವುದಲ್ಲ, ಅಂಗೈಯಿಂದ ಮುಂದಕ್ಕೆ ತಳ್ಳುವುದು. ಬಾಗುಗೆರೆ ಬೇಕಾದಾಗ ಉಳಿಯನ್ನು ತಿರುಗಿಸುವುದಿಲ್ಲ. ಚರ್ಮದ ದಿಂಬಿನ ಮೇಲಿಟ್ಟ ಫಲಕವನ್ನು ಎಡಗೈ ನಿಧಾನವಾಗಿ ತಿರುಗಿಸುತ್ತದೆ. ಒತ್ತಡ ಹೆಚ್ಚಾದಂತೆ ಉಳಿ ಆಳಕ್ಕೆ ಇಳಿದು ಗೆರೆ ದಪ್ಪವಾಗುತ್ತದೆ, ಒತ್ತಡ ತಗ್ಗಿದಂತೆ ಕೂದಲೆಳೆಯಂತೆ ತೆಳುವಾಗಿ ಮುಗಿಯುತ್ತದೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಕ್ಷರ ಬರೆಯಲು ಕೊರತೆಯೆನಿಸುವ ಬಾಗಿದ ಕೈ ಉಳಿಯನ್ನು ಹಿಡಿಯಲು ಕೊರತೆಯಲ್ಲ. ಒಳಕ್ಕೆ ಬಾಗಿ ಗಟ್ಟಿಯಾಗಿ ನಿಂತ ಬೆರಳುಗಳ ನಡುವೆ ಉಳಿಯ ಹಿಡಿ ತೊಟ್ಟಿಲಲ್ಲಿಟ್ಟಂತೆ ಕೂರಬಲ್ಲದು. ಬೆರಳಿನ ಗೆಣ್ಣುಗಳ ಸಣ್ಣ ಚಲನೆ ಸಾಧ್ಯವಿಲ್ಲದಿರುವಾಗ ಬಲ ಮತ್ತು ದಿಕ್ಕು ಎರಡೂ ಮಣಿಕಟ್ಟು, ಮುಂಗೈ, ಭುಜಗಳಿಂದ ಬರಬೇಕಾಗುತ್ತದೆ. ಬೆರಳಿನಿಂದ ಹೊರಡುವ ಗೆರೆ ಚಿಕ್ಕದು. ತೋಳಿನಿಂದ ಹೊರಡುವ ಗೆರೆ ನೀಳವಾದದ್ದು, ಒಂದೇ ಉಸಿರಿನದು. ಗೋಲ್ಟ್ಸಿಯಸ್‌ನ ಉಬ್ಬಿ ತಗ್ಗುವ ನೀಳ ರೇಖೆಯ ಮೂಲವನ್ನು ಬಹುಮಂದಿ ವಿದ್ವಾಂಸರು ಇಲ್ಲಿ ಗುರುತಿಸಿದ್ದಾರೆ.

ಆ ರೇಖೆಯ ಪ್ರತಾಪವನ್ನು ಕಾಣಲು 1580ರ ದಶಕದ ಕೃತಿಗಳನ್ನು ನೋಡಬೇಕು. 1587ರ ಧ್ವಜಧಾರಿಯ ಚಿತ್ರದಲ್ಲಿ ಗಾಳಿಗೆ ಉಬ್ಬಿದ ಬಾವುಟದ ರೇಷ್ಮೆ ಸಮಾನಾಂತರವಾಗಿ ಹರಿಯುವ ಗೆರೆಗಳಿಂದಲೇ ಅಲೆಯಾಗಿ ಏಳುತ್ತದೆ. ಅದೇ ವರ್ಷ ಸ್ಪ್ರಾಂಗರ್‌ನ ರೇಖಾಚಿತ್ರವನ್ನು ಆಧರಿಸಿ ಮಾಡಿದ ಕ್ಯುಪಿಡ್ ಮತ್ತು ಸೈಕಿಯ ವಿವಾಹದ ಚಿತ್ರ ಮೂರು ಫಲಕಗಳಿಂದ ಕೂಡಿದ್ದು. ಅದರ ಅಗಲ ಸುಮಾರು 85 ಸೆಂ.ಮೀ. ಮೋಡಗಳ ಮೇಲೆ ನೆರೆದ ದೇವತೆಗಳ ಸಮೂಹ ಅದರಲ್ಲಿದೆ. 1588ರಲ್ಲಿ ಕೊರ್ನೆಲಿಸ್‌ನ ಚಿತ್ರಗಳನ್ನು ಆಧರಿಸಿ ಟ್ಯಾಂಟಲಸ್, ಇಕಾರಸ್, ಫೇಥಾನ್, ಇಕ್ಸಿಯಾನ್ ಎಂಬ ನಾಲ್ವರು ಬೀಳುವ ವೃತ್ತಾಕಾರದ ಚಿತ್ರಗಳನ್ನು ಕೆತ್ತಿದನು. ಆಕಾಶದಿಂದ ತಲೆಕೆಳಗಾಗಿ ಉರುಳುವ ಆ ಮೈಗಳ ಮೇಲೆ ಗೆರೆಗಳು ಸ್ನಾಯುವಿನ ಉಬ್ಬುತಗ್ಗುಗಳನ್ನು ಸುತ್ತಿಬರುತ್ತವೆ. 1589ರ ಮಹಾ ಹರ್ಕ್ಯುಲಸ್ ಸುಮಾರು 56 ಸೆಂ.ಮೀ. ಎತ್ತರದ ಮುದ್ರಣಚಿತ್ರ. ಅದರಲ್ಲಿ ವೀರನ ಮೈ ಗಂಟುಗಂಟಾದ ಸ್ನಾಯುಗಳ ಒಂದು ಭೂಪ್ರದೇಶದಂತೆ ಹರಡಿಕೊಂಡಿದೆ. ದಪ್ಪ ಗೆರೆಗಳು ಒಂದನ್ನೊಂದು ಹಾಯುವಲ್ಲಿ ಉಂಟಾಗುವ ವಜ್ರಾಕೃತಿಯ ಬಿಳಿ ಜಾಗಗಳ ನಡುವೆ ಒಂದೊಂದು ಚುಕ್ಕೆಯನ್ನಿಡುವ ತಂತ್ರವನ್ನೂ ಈ ಕೆತ್ತನೆಗಳಲ್ಲಿ ಕಾಣಬಹುದು.

ಆದರೆ ತೋಳಿನ ಬೀಸು ಒಂದರಿಂದಲೇ ಈ ಕಲಾವಿದನನ್ನು ವಿವರಿಸಲು ಹೊರಟರೆ ತೊಡಕುಂಟಾಗುತ್ತದೆ. 1570ರ ದಶಕದ ಕೊನೆ ಮತ್ತು 1580ರ ದಶಕದಲ್ಲಿ ಅವನು ಹಾರ್ಲೆಮ್‌ನ ನಾಗರಿಕರ, ಸೈನಿಕರ, ವಿದ್ವಾಂಸರ ಪುಟ್ಟ ಭಾವಚಿತ್ರಗಳನ್ನು ಕೆತ್ತಿದ್ದಾನೆ, ಲೋಹದ ಮೊನೆಯಿಂದಲೂ ರಚಿಸಿದ್ದಾನೆ. ಅಂಗೈಯಲ್ಲಿ ಹಿಡಿಯಬಹುದಾದ ಈ ಚಿತ್ರಗಳಲ್ಲಿ ಕಣ್ಣಿನ ರೆಪ್ಪೆ, ಗಡ್ಡದ ಕೂದಲು, ಕೊರಳಪಟ್ಟಿಯ ನಿರಿಗೆಗಳೆಲ್ಲ ಅತ್ಯಂತ ಸೂಕ್ಷ್ಮವಾಗಿ ಮೂಡಿವೆ. ಸಣ್ಣ ಚಲನೆಗೆ ಅಶಕ್ತವಾದ ಕೈಯ ಕೆಲಸವೆಂದು ಇವನ್ನು ಯಾರೂ ಊಹಿಸಲಾರರು. ಕೈಯ ಊನ ಅವನಿಗೆ ಒಂದು ಬಗೆಯ ರೇಖೆಯನ್ನು ಸುಲಭಗೊಳಿಸಿರಬಹುದು, ಮತ್ತೊಂದು ಬಗೆಯನ್ನು ಅಸಾಧ್ಯಗೊಳಿಸಲಿಲ್ಲ.

5

1588ರಲ್ಲಿ ಗೋಲ್ಟ್ಸಿಯಸ್ ಒಂದು ಕೈಯ ಚಿತ್ರವನ್ನು ಲೇಖನಿ ಮತ್ತು ಕಂದು ಮಸಿಯಿಂದ ಕಾಗದದ ಮೇಲೆ ರಚಿಸಿದನು. ಸುಮಾರು 23 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲದ ಈ ಚಿತ್ರ ಹಾರ್ಲೆಮ್‌ನ ಟೇಲರ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಹಿನ್ನೆಲೆಯಿಲ್ಲ, ಮೈಯಿಲ್ಲ, ಮುಖವಿಲ್ಲ. ತೋಳಿನ ಪಟ್ಟಿಯಿಂದ ಹೊರಬಂದ ಬಲಗೈ ಮಾತ್ರ ಇದೆ. ಬೆರಳುಗಳು ವಿಚಿತ್ರವಾಗಿ ಬಾಗಿ ಬಿಗಿದುಕೊಂಡಿವೆ. ಚರ್ಮದ ಮೇಲೆ ನರಗಳು ಉಬ್ಬಿ ನಿಂತಿವೆ. ಗೆಣ್ಣುಗಳ ಸುಕ್ಕು, ಉಗುರುಗಳ ಅಂಚು ಒಂದೂ ಬಿಟ್ಟುಹೋಗಿಲ್ಲ. ಇದು ಅವನ ಸುಟ್ಟ ಬಲಗೈಯೇ ಎಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಅಭಿಪ್ರಾಯ. ಕೆಳಗೆ ಅವನ ಹೆಸರೂ ಇಸವಿಯೂ ಇವೆ.

ಈ ಚಿತ್ರ ಎತ್ತುವ ಮೊದಲ ಪ್ರಶ್ನೆ ಅದನ್ನು ರಚಿಸಿದ ಕೈ ಯಾವುದು ಎಂಬುದು. ಬರೆಯುವ ಕೈ ಬರೆಯುತ್ತಿರುವಾಗಲೇ ತನ್ನನ್ನು ತಾನು ನೋಡಿಸಿಕೊಳ್ಳುವ ಭಂಗಿಯಲ್ಲಿ ಇರಲಾರದು. ಎಡಗೈಯಿಂದ ಬಲಗೈಯನ್ನು ಚಿತ್ರಿಸಿರಬಹುದು, ಅಚ್ಚು ತೆಗೆದ ಪ್ರತಿಕೃತಿಯೊಂದನ್ನು ಎದುರಿಗಿಟ್ಟುಕೊಂಡಿರಬಹುದು, ಇಲ್ಲವೇ ನೋಡಿ ನೆನಪಿನಲ್ಲಿಟ್ಟು ಮತ್ತೆ ಲೇಖನಿಯನ್ನೆತ್ತಿ ಗೆರೆಗಳನ್ನು ಹಾಕಿರಬಹುದು. ಕೆತ್ತನೆಗಾರನಿಗೆ ಎಡವನ್ನು ಬಲವಾಗಿ, ಬಲವನ್ನು ಎಡವಾಗಿ ಕಾಣುವ ಅಭ್ಯಾಸ ದಿನನಿತ್ಯದ್ದು. ಫಲಕದ ಮೇಲಿನ ಚಿತ್ರ ಕಾಗದದ ಮೇಲೆ ತಿರುವುಮುರುವಾಗುವುದರಿಂದ ಅವನು ಸದಾ ಕನ್ನಡಿಯ ಲೋಕದಲ್ಲಿಯೇ ಕೆಲಸ ಮಾಡಬೇಕು. ಹೀಗಾಗಿ ಕನ್ನಡಿಯ ನೆರವಿನ ಸಾಧ್ಯತೆಯೂ ಅಸಂಭವವಲ್ಲ.

ಎರಡನೆಯ ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಈ ಚಿತ್ರ ಲೇಖನಿಯದಾದರೂ ಅದರ ಗೆರೆಗಳು ಉಳಿಯ ಗೆರೆಗಳಂತೆ ಇವೆ. ಒಂದೊಂದು ಗೆರೆಯೂ ತೆಳುವಾಗಿ ಆರಂಭವಾಗಿ, ನಡುವೆ ಉಬ್ಬಿ, ಮತ್ತೆ ತೆಳುವಾಗಿ ಮುಗಿಯುತ್ತದೆ. ಗೆರೆಗಳು ಬೆರಳುಗಳ ಉರುಟನ್ನು ಸುತ್ತಿಕೊಂಡು ಹೋಗುತ್ತವೆ, ಒಂದನ್ನೊಂದು ಹಾಯುತ್ತವೆ. ಮುದ್ರಣಚಿತ್ರವೆಂದು ಮೊದಲ ನೋಟಕ್ಕೆ ಭ್ರಮೆಯಾಗುವಷ್ಟು ಸಾದೃಶ್ಯವಿದೆ. ತಾಮ್ರದ ಗಡಸುತನದಿಂದ ಹುಟ್ಟಿದ ಒಂದು ರೇಖಾಭಾಷೆಯನ್ನು ಯಾವ ಪ್ರತಿರೋಧವೂ ಇಲ್ಲದ ಕಾಗದದ ಮೇಲೆ ಗರಿಯಿಂದ ಮೂಡಿಸುವುದು ದುಸ್ಸಾಧ್ಯವಾದ ಕೆಲಸ. ಉಳಿಗೆ ತಾಮ್ರವೇ ಆಸರೆಯಾಗುತ್ತದೆ. ಗರಿಗೆ ಅಂಥ ಆಸರೆಯಿಲ್ಲ, ನಡುಕವೊಂದು ಬಂದರೂ ಕಾಗದದ ಮೇಲೆ ಕಾಣುತ್ತದೆ.

ಆಗ ಅವನಿಗೆ ಮೂವತ್ತು ವರ್ಷ. ಕೀರ್ತಿ ಯುರೋಪಿನಾದ್ಯಂತ ಹಬ್ಬುತ್ತಿತ್ತು. ಇತರ ಕಲಾವಿದರು ತಮ್ಮ ಮುಖವನ್ನು ಚಿತ್ರಿಸಿಕೊಳ್ಳುವ ಸ್ಥಾನದಲ್ಲಿ ಅವನು ತನ್ನ ಊನವಾದ ಕೈಯನ್ನು ಚಿತ್ರಿಸಿದನು. ಮರೆಮಾಚಬಹುದಾಗಿದ್ದ ಅಂಗವನ್ನು ಕೇಂದ್ರಕ್ಕೆ ತಂದು, ಅದು ಏನನ್ನು ಮಾಡಬಲ್ಲದೆಂಬುದನ್ನು ಅದರ ಚಿತ್ರದಲ್ಲಿಯೇ ತೋರಿಸಿದನು. ಚಿತ್ರದ ವಸ್ತು ಕುಂದು, ಚಿತ್ರದ ರೀತಿ ಪ್ರಭುತ್ವ. ಈ ಎರಡರ ಸಂಯೋಗವೇ ಚಿತ್ರದ ಅರ್ಥ. ಈ ದೃಷ್ಟಿಯಿಂದ ಇದು ಅಭ್ಯಾಸಚಿತ್ರವಲ್ಲ, ಆತ್ಮಚಿತ್ರ.

6

ಇಷ್ಟರಲ್ಲಿ ಅವನ ಆರೋಗ್ಯ ಕೆಟ್ಟಿತ್ತು. ಕ್ಷಯದ ಲಕ್ಷಣಗಳುಳ್ಳ ಕಾಯಿಲೆಯಿಂದ ವರ್ಷಗಟ್ಟಲೆ ನರಳಿ, ರಕ್ತವನ್ನು ಕಾರುವ ಸ್ಥಿತಿಗೆ ಬಂದಿದ್ದನು. ಸಾವು ಸಮೀಪಿಸಿತೆಂದು ವೈದ್ಯರು ಕೈಬಿಟ್ಟಾಗ, ಸಾಯುವ ಮೊದಲು ಇಟಲಿಯ ಕಲೆಯನ್ನು ಕಣ್ಣಾರೆ ಕಾಣಬೇಕೆಂಬ ಬಯಕೆಯಿಂದ 1590ರ ಅಕ್ಟೋಬರ್ ಕೊನೆಯಲ್ಲಿ ಪ್ರಯಾಣ ಹೊರಟನು. ಹ್ಯಾಂಬರ್ಗ್, ಮ್ಯೂನಿಕ್, ವೆನಿಸ್, ಬೊಲೋನ್ಯ, ಫ್ಲಾರೆನ್ಸ್‌ಗಳನ್ನು ದಾಟಿ 1591ರ ಜನವರಿಯಲ್ಲಿ ರೋಮ್ ಸೇರಿದನು. ಪ್ರಯಾಣದುದ್ದಕ್ಕೂ ಬೇರೆ ಹೆಸರಿನಲ್ಲಿ, ವೇಷ ಮರೆಸಿಕೊಂಡು ನಡೆದನು. ಕೆಲವೆಡೆ ಸೇವಕನನ್ನು ಯಜಮಾನನಂತೆ ಕೂರಿಸಿ ತಾನು ಸೇವಕನಂತೆ ನಿಂತು, ತನ್ನ ಕೆತ್ತನೆಗಳ ಬಗ್ಗೆ ಜನ ಆಡುವ ಮಾತನ್ನು ಕೇಳಿಸಿಕೊಂಡನೆಂದು ಫಾನ್ ಮಾಂಡರ್ ಹೇಳುತ್ತಾನೆ.

ಆ ವರ್ಷ ರೋಮಿನಲ್ಲಿ ಕ್ಷಾಮ, ಸಾಂಕ್ರಾಮಿಕ ರೋಗ ಎರಡೂ ಇದ್ದವು. ಬೀದಿಗಳಲ್ಲಿ ಜನ ಸಾಯುತ್ತಿರುವಾಗಲೂ ಅವನು ಪ್ರಾಚೀನ ಶಿಲ್ಪಗಳ ಎದುರು ಕುಳಿತು ರೇಖಾಚಿತ್ರಗಳನ್ನು ಮಾಡಿದನು. ಫಾರ್ನೀಸ್ ಹರ್ಕ್ಯುಲಸ್, ಬೆಲ್ವೆಡಿಯರ್ ಅಪೊಲೊ ಮೊದಲಾದ ಶಿಲ್ಪಗಳನ್ನು ಹೀಗೆ ಚಿತ್ರಿಸಿಕೊಂಡು ಬಂದು ಕೆತ್ತಿದ ಫಲಕಗಳು ಅವನ ಮರಣಾನಂತರ, 1617ರಲ್ಲಿ ಪ್ರಕಟವಾದವು.

ಇಟಲಿಯ ಪ್ರಯಾಣದಲ್ಲಿ ಕೈಯನ್ನು ಕುರಿತ ಒಂದು ಪ್ರಸಂಗ ಬರುತ್ತದೆ. ಪುರಾತತ್ತ್ವದ ವಿದ್ವಾಂಸನಾದ ಫಿಲಿಪ್ಸ್ ಫಾನ್ ವಿಂಘೆನ್ ಎಂಬವನು ಗೋಲ್ಟ್ಸಿಯಸ್ ಇಟಲಿಗೆ ಬಂದಿರುವ ಸುದ್ದಿಯನ್ನು ತಿಳಿದು ಅವನನ್ನು ಕಾಣಲು ಕಾತರನಾಗಿದ್ದನು. ತನ್ನ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತಿರುವ ಸಾಮಾನ್ಯ ಉಡುಪಿನ ಮನುಷ್ಯ ಅವನೇ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಗೋಲ್ಟ್ಸಿಯಸ್ ತನ್ನ ಊನವಾದ ಬಲಗೈಯನ್ನೂ ತನ್ನ ಹೆಸರಿನ ಮೊದಲಕ್ಷರಗಳಿದ್ದ ಕರವಸ್ತ್ರವನ್ನೂ ತೋರಿಸಿದಾಗ ಅವನ ಅನುಮಾನ ಕರಗಿತು, ಆಲಂಗಿಸಿಕೊಂಡನು. ಅವನ ಮುದ್ರಣಚಿತ್ರಗಳ ಮೇಲಿನ ಅಂಕಿತವೂ ಅವನ ಕೈಯೂ ಇಲ್ಲಿ ಒಂದೇ ಅರ್ಥವನ್ನು ಪಡೆದಿವೆ. ನೆರೆಯಾಕೆಯ ಅವಿವೇಕದಿಂದ ಬಂದ ಊನ ಗುರುತಿನ ಮುದ್ರೆಯಾಗಿ ಮಾರ್ಪಟ್ಟಿತ್ತು.

7

1591ರಲ್ಲಿ ಹಾರ್ಲೆಮ್‌ಗೆ ಮರಳಿದ ಗೋಲ್ಟ್ಸಿಯಸ್ ಸ್ಪ್ರಾಂಗರ್‌ನ ಅತಿಶಯದ ಶೈಲಿಯನ್ನು ಬಿಟ್ಟು ಬೇರೆ ದಾರಿ ಹಿಡಿದನು. 1593-94ರಲ್ಲಿ ಕನ್ಯೆ ಮೇರಿಯ ಬದುಕನ್ನು ಕುರಿತ ಆರು ಚಿತ್ರಗಳನ್ನು ಕೆತ್ತಿ ಬವೇರಿಯಾದ ಡ್ಯೂಕ್ ಐದನೆಯ ವಿಲ್ಹೆಲ್ಮ್‌ನಿಗೆ ಅರ್ಪಿಸಿದನು. ಇವುಗಳಲ್ಲಿ ಒಂದು ಆಲ್ಬ್ರೆಕ್ಟ್ ಡ್ಯೂರರ್‌ನ ರೀತಿಯಲ್ಲಿದೆ, ಮತ್ತೊಂದು ಲೂಕಾಸ್ ಫಾನ್ ಲೇಡನ್‌ನ ರೀತಿಯಲ್ಲಿದೆ, ಉಳಿದವು ಇಟಲಿಯ ಚಿತ್ರಕಾರರನ್ನು ನೆನಪಿಸುತ್ತವೆ. ಡ್ಯೂರರ್ ರೀತಿಯ ಚಿತ್ರದ ಕೆಲವು ಪ್ರತಿಗಳಲ್ಲಿ ತನ್ನ ಅಂಕಿತವನ್ನು ಕಾದ ಕೆಂಡದಿಂದ ಸುಟ್ಟು ಅಳಿಸಿ, ಕಾಗದಕ್ಕೆ ಹೊಗೆ ಹಿಡಿಸಿ ಹಳೆಯದರಂತೆ ಮಾಡಿ ಹೊರಗೆ ಬಿಟ್ಟನಂತೆ. ಬಲ್ಲವರೆನಿಸಿಕೊಂಡವರು ಅದನ್ನು ಡ್ಯೂರರ್‌ನ ಅಪೂರ್ವ ಕೃತಿಯೆಂದು ಹೆಚ್ಚಿನ ಬೆಲೆಗೆ ಕೊಂಡರೆಂದು ಫಾನ್ ಮಾಂಡರ್ ಬರೆದಿದ್ದಾನೆ.

ಈ ಪ್ರಸಂಗ ಹಾಸ್ಯಕ್ಕಷ್ಟೇ ಸೀಮಿತವಾದುದಲ್ಲ. ಕೈಯ ರಚನೆಯೇ ರೇಖೆಯನ್ನು ನಿರ್ಧರಿಸುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಪ್ರತ್ಯುತ್ತರವಿಲ್ಲ. ಬೆರಳುಗಳು ಬೇರೆ ಬೇರೆಯಾಗಿ ಆಡುತ್ತಿದ್ದ ಡ್ಯೂರರ್‌ನ ಗೆರೆಯನ್ನು ಬೆರಳುಗಳು ಬೆಸೆದುಕೊಂಡ ಕೈ ಪುನಃ ಸೃಷ್ಟಿಸಿತು. ಒಂದು ರೇಖೆಯ ಶೈಲಿ ಅಂಗರಚನೆಯ ಗುಲಾಮನಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಇದೇ ಅವಧಿಯಲ್ಲಿ ಉಳಿಯ ರೇಖೆಯನ್ನು ಲೇಖನಿಯಿಂದ ಮೂಡಿಸುವ ಪ್ರಯೋಗ ಮತ್ತಷ್ಟು ಮುಂದುವರಿಯಿತು. ಅನ್ನದೇವತೆ ಸೀರೀಸ್ ಮತ್ತು ಮದ್ಯದೇವತೆ ಬಾಕಸ್ ಇಲ್ಲದೆ ಪ್ರೇಮದೇವತೆ ವೀನಸ್ ಬಾಳಲಾರಳೆಂಬ ಆಶಯದ ಚಿತ್ರವನ್ನು 1593ರಲ್ಲಿ ಚರ್ಮಪತ್ರದ ಮೇಲೆ ಲೇಖನಿಯಿಂದ ರಚಿಸಿದನು. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದೇ ಆಶಯವನ್ನು 1600ರ ಸುಮಾರಿಗೆ ಸಿದ್ಧಪಡಿಸಿದ ಕ್ಯಾನ್‌ವಾಸಿನ ಮೇಲೆ, ಒಂದು ಮೀಟರಿಗೂ ಹೆಚ್ಚು ಎತ್ತರದಲ್ಲಿ, ಕಂದು ಮಸಿಯ ಲೇಖನಿಯಿಂದ ಮತ್ತೆ ಚಿತ್ರಿಸಿದನು. ಪಂಜಿನ ಬೆಳಕು ಬೀಳುವಲ್ಲಿ ಮಾತ್ರ ತೈಲವರ್ಣದ ಲೇಪವಿದೆ. ಉಳಿದುದೆಲ್ಲ ರೇಖೆಯ ಕೆಲಸ. ಈ ಚಿತ್ರ ಚಕ್ರವರ್ತಿ ರುಡೋಲ್ಫ್‌ನ ಸಂಗ್ರಹವನ್ನು ಸೇರಿತು. ಅದನ್ನು ಹೇಗೆ ಮಾಡಿರಬಹುದೆಂದು ಅಚ್ಚರಿಗೊಂಡ ಚಕ್ರವರ್ತಿ ಬಲ್ಲವರನ್ನು ಕರೆಸಿ ಕೇಳಿದನೆಂಬ ಸಂಗತಿ ದಾಖಲಾಗಿದೆ. 1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗ್ ನಗರವನ್ನು ಕೊಳ್ಳೆಹೊಡೆದಾಗ ಅದು ರಾಣಿ ಕ್ರಿಸ್ಟೀನಾಳ ವಶವಾಯಿತು. ಕೈಯಿಂದ ಕೈಗೆ ಸಾಗಿ 1990ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಕಲಾಸಂಗ್ರಹಾಲಯವನ್ನು ಸೇರಿತು. ಇದಕ್ಕಿಂತಲೂ ದೊಡ್ಡದಾದ, ಎರಡು ಮೀಟರ್ ಮೀರಿದ ಎತ್ತರದ ಅದೇ ವಸ್ತುವಿನ ಮತ್ತೊಂದು ಲೇಖನಿಚಿತ್ರ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ನಲ್ಲಿದೆ.

ಈ ಬೃಹತ್ ಚಿತ್ರಗಳ ರೇಖೆ ಕುಳಿತಲ್ಲಿಂದ ಬೆರಳಾಡಿಸಿ ಹಾಕುವ ರೇಖೆಯಲ್ಲ. ಮನುಷ್ಯನ ಎತ್ತರವನ್ನು ಮೀರಿದ ಕ್ಯಾನ್‌ವಾಸಿನ ಎದುರು ನಿಂತು, ತೋಳನ್ನು ಭುಜದಿಂದ ಬೀಸಿ ಎಳೆಯಬೇಕು. ಎಳೆಯುವ ವೇಗದಲ್ಲಿಯೂ ಗರಿಯ ಮೊನೆಯ ಒತ್ತಡ ಹದತಪ್ಪಬಾರದು. ಅಪಘಾತ ಕಲಿಸಿದ ತೋಳಿನ ಚಲನೆಗೆ ತಕ್ಕ ಅಳತೆಯನ್ನು ಗೋಲ್ಟ್ಸಿಯಸ್ ಇಲ್ಲಿ ತಾನೇ ಆರಿಸಿಕೊಂಡಿದ್ದಾನೆ. ಆದರೆ ಇದೇ ವರ್ಷಗಳಲ್ಲಿ, 1603ರಲ್ಲಿ, ಹಾರ್ಲೆಮ್ ಸಮೀಪದ ಮರಳುದಿಬ್ಬಗಳ ನೋಟವೊಂದನ್ನು ಸುಮಾರು 9 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲದ ಕಾಗದದ ಮೇಲೆ ಲೇಖನಿಯಿಂದ ಚಿತ್ರಿಸಿದ್ದಾನೆ. ರಾಟರ್‌ಡ್ಯಾಮ್‌ನ ಬೊಯ್ಮನ್ಸ್ ಸಂಗ್ರಹಾಲಯದಲ್ಲಿರುವ ಈ ಪುಟ್ಟ ಚಿತ್ರದಲ್ಲಿ ವೀರರಿಲ್ಲ, ದೇವತೆಗಳಿಲ್ಲ. ಗದ್ದೆ, ದಿಬ್ಬ, ಮರಗಳ ಸಾಲು, ವಿಶಾಲವಾದ ಬಯಲು ಚಿಕ್ಕ ಚಿಕ್ಕ ಗೆರೆ ಚುಕ್ಕೆಗಳಲ್ಲಿ ಮೂಡಿವೆ. ಆ ಶತಮಾನದ ಡಚ್ ಭೂದೃಶ್ಯಕಲೆಯ ಮೊದಲ ಹೆಜ್ಜೆಗಳಲ್ಲಿ ಇದೂ ಒಂದೆಂದು ಪರಿಗಣಿತವಾಗಿದೆ.

8

1600ರ ಹೊತ್ತಿಗೆ ಗೋಲ್ಟ್ಸಿಯಸ್ ಉಳಿಯನ್ನು ಬಹುಮಟ್ಟಿಗೆ ಕೆಳಗಿಟ್ಟನು. ಕಾರ್ಯಾಗಾರದ ಹೊಣೆ ಮಾಥಮ್‌ನ ಪಾಲಿಗೆ ಬಂತು. ನಲವತ್ತೆರಡರ ವಯಸ್ಸಿನಲ್ಲಿ ಅವನು ತೈಲವರ್ಣದ ಚಿತ್ರಕಲೆಯನ್ನು ಆರಂಭಿಸಿದನು. 1603ರ ಡನಾಯ್, 1613ರ ವರ್ಟಮ್ನಸ್ ಮತ್ತು ಪೊಮೋನ ಈ ಅವಧಿಯ ಪ್ರಸಿದ್ಧ ಕೃತಿಗಳು. ರೇಖೆಯಲ್ಲಿ ಗಳಿಸಿದಷ್ಟು ಕೀರ್ತಿ ವರ್ಣದಲ್ಲಿ ಅವನಿಗೆ ದಕ್ಕಲಿಲ್ಲ. ತನ್ನ ಮನೆತನದ ಹೆಸರಿನಲ್ಲಿ ಬಂಗಾರವೆಂಬ ಅರ್ಥ ಅಡಗಿರುವುದನ್ನು ಬಳಸಿಕೊಂಡು, ಬಂಗಾರಕ್ಕಿಂತ ಗೌರವ ಮೇಲೆಂಬುದನ್ನು ಅವನು ತನ್ನ ಧ್ಯೇಯವಾಕ್ಯವಾಗಿ ಇಟ್ಟುಕೊಂಡಿದ್ದನು. 1617ರ ಜನವರಿ 1ರಂದು ಹಾರ್ಲೆಮ್‌ನಲ್ಲಿ ಅವನು ತೀರಿಕೊಂಡನು. 2003-04ರಲ್ಲಿ ಆಮ್‌ಸ್ಟರ್‌ಡ್ಯಾಮ್, ನ್ಯೂಯಾರ್ಕ್ ಮತ್ತು ಟೊಲೀಡೊಗಳಲ್ಲಿ ಅವನ ರೇಖಾಚಿತ್ರ, ಮುದ್ರಣಚಿತ್ರ, ವರ್ಣಚಿತ್ರಗಳ ಪ್ರದರ್ಶನ ಏರ್ಪಟ್ಟು, ಮೂರೂ ಮಾಧ್ಯಮಗಳ ಸಾಧನೆಯನ್ನು ಒಟ್ಟಿಗೆ ನೋಡುವ ಅವಕಾಶ ದೊರೆಯಿತು.

ಗೋಲ್ಟ್ಸಿಯಸ್‌ನ ಕೈಯನ್ನು ಕುರಿತು ಎರಡು ಬಗೆಯ ಕಥನಗಳು ರೂಢಿಯಲ್ಲಿವೆ. ಮೊದಲನೆಯದು ಊನವನ್ನು ಮೀರಿ ಗೆದ್ದ ವೀರನ ಕಥೆ. ಇದರಲ್ಲಿ ಕೈ ಬರಿಯ ಅಡ್ಡಿ. ಎರಡನೆಯದು ಊನವೇ ವರವಾದ ಕಥೆ. ಇದರಲ್ಲಿ ಕೈಯೇ ಕರ್ತೃ, ಕಲಾವಿದ ನಿಮಿತ್ತಮಾತ್ರ. ಕೃತಿಗಳ ಸಾಕ್ಷ್ಯ ಈ ಎರಡನ್ನೂ ಪೂರ್ತಿಯಾಗಿ ಎತ್ತಿಹಿಡಿಯುವುದಿಲ್ಲ. ಉಳಿಯ ಹಿಡಿತಕ್ಕೆ ಬಾಗಿದ ಕೈ ಒದಗಿಬಂದದ್ದು, ತೋಳಿನ ಚಲನೆ ರೇಖೆಗೆ ನೀಳತೆಯನ್ನು ಕೊಟ್ಟದ್ದು ಒಪ್ಪತಕ್ಕ ಮಾತು. ಆದರೆ ಅಂಗೈಯಗಲದ ಭಾವಚಿತ್ರಗಳು, ಡ್ಯೂರರ್‌ನ ಗೆರೆಯ ಅನುಕರಣೆ, ಮರಳುದಿಬ್ಬಗಳ ಸಣ್ಣ ಚಿತ್ರ, ಇವೆಲ್ಲ ಕೈಯ ಮಿತಿಯಿಂದ ಹುಟ್ಟಿದವಲ್ಲ. ಅವು ಕಣ್ಣು, ಅಭ್ಯಾಸ, ಸಂಕಲ್ಪಗಳಿಂದ ಹುಟ್ಟಿದವು. ಉಳಿಯನ್ನು ಕೈಗಿತ್ತ ಕೂರ್ನ್‌ಹರ್ಟ್ ಸಿಗದೆ ಹೋಗಿದ್ದರೆ, ಸ್ಪ್ರಾಂಗರ್‌ನ ಚಿತ್ರಗಳು ಹಾರ್ಲೆಮ್‌ಗೆ ಬಾರದಿದ್ದರೆ, ಅದೇ ಬಾಗಿದ ಬೆರಳುಗಳು ಡ್ಯೂಯಿಸ್‌ಬರ್ಗ್‌ನ ಗಾಜಿನ ಮೇಲೆಯೇ ಉಳಿದುಬಿಡುತ್ತಿದ್ದವು.

ಮರ್ಕೇಟರ್‌ನ ಕೈಪಿಡಿಯಲ್ಲಿ ಚಿತ್ರಿತವಾದ ಕೈ ಯಾರದೂ ಅಲ್ಲ, ಅದು ಎಲ್ಲರೂ ಅನುಸರಿಸಬೇಕಾದ ಮಾದರಿ. ಟೇಲರ್ಸ್ ಸಂಗ್ರಹಾಲಯದಲ್ಲಿರುವ ಕೈ ಒಬ್ಬನದೇ. ಲೇಖನಿಯ ಹಿಡಿತದಲ್ಲಿ ಸರಿ ತಪ್ಪುಗಳನ್ನು ನಿರ್ಣಯಿಸುವ ಅಧಿಕಾರ ಕಾಗದದ ಮೇಲೆ ಮೂಡಿದ ಗೆರೆಗೆ ಸೇರಿದ್ದೇ ಹೊರತು ಬೆರಳುಗಳ ಭಂಗಿಗಲ್ಲ ಎಂಬುದನ್ನು 1588ರ ಆ ಒಂದು ಹಾಳೆ ಸಾಬೀತುಪಡಿಸುತ್ತದೆ.